ವ್ಯಾಲ್ಯುಯರ್ ಕಮ್ಮಿ ಹಾಕಿದ್ನಂತೆ... ಕ್ರಯಪತ್ರದಲ್ಲಿ ಕಮ್ಮಿ ಬರೆಸಿದ್ಯಾರು ಸ್ವಾಮಿ?

ಬ್ಲಾಗು ಧೂಳು ಹಿಡಿದು ಕೂತಿತ್ತು. ಬರೆಯೋಣ ಅಂತ ಎಷ್ಟೋ ಸಲ ಲಾಗಿನ್ ಆಗಿ, ಖಾಲಿ ಪುಟ ನೋಡಿ ವಾಪಸ್ ಹೋಗಿದ್ದೀನಿ. ಇವತ್ತು ಬರೀತಿರೋದು ಸಿಟ್ಟಿನಿಂದ. ಅದಕ್ಕೇ ಮೊದಲೇ ಹೇಳಿಬಿಡ್ತೀನಿ, ಊರಿನ ಹೆಸರು ದೇವರಾಯನದುರ್ಗ ಅಂತ ನೋಡಿ ಬೆಟ್ಟದ ಮಂಜು, ನಾಮದ ಚಿಲುಮೆಯ ಜಿಂಕೆ, ತುದಿಯಲ್ಲಿರೋ ಯೋಗಾನರಸಿಂಹ ಅಂತೆಲ್ಲ ಓದೋ ಆಸೆಯಿಂದ ಬಂದಿದ್ರೆ ನಿಮಗೆ ನಿರಾಸೆ ಕಾದಿದೆ. ಇದು ಸೈಟು, ಬ್ರೋಕರ್ರು, ಬ್ಯಾಂಕು, ಕ್ರಯಪತ್ರದ ಕಥೆ. ಬೇಜಾರಾದ್ರೆ ಮುಂದಿನ ಬ್ಲಾಗಿಗೆ ಹೋಗಿ, ಖಂಡಿತ ತಪ್ಪು ತಿಳ್ಕೊಳಲ್ಲ :-)

ನಮ್ಮ ಭಾವ ಮೇಷ್ಟ್ರು. ತುಮಕೂರಿನಲ್ಲಿ ಇಪ್ಪತ್ತೆರಡು ವರ್ಷದಿಂದ ಬಾಡಿಗೆ ಮನೆ. ಕಳೆದ ವರ್ಷ, ಅಂದ್ರೆ 2025ರ ಏಪ್ರಿಲ್‌ನಲ್ಲಿ, ಅಕ್ಕ-ಭಾವ ಇಬ್ಬರೂ ಒಂದು ಮನೆ ನೋಡಿದ್ರು. ತುಮಕೂರಿನಿಂದ ದುರ್ಗದ ಕಡೆ ಹೋಗೋ ರಸ್ತೆಯಲ್ಲೊಂದು ಬಡಾವಣೆ. ಮೂವತ್ತು-ನಲವತ್ತು ಸೈಟು, ಇಪ್ಪತ್ತು ವರ್ಷದ ಹಳೇ ಮನೆ, ಕೆಳಗೆ ಸಾವಿರ ಚದರಡಿ ಕಟ್ಟಡ, ಮಹಡಿ ಮೇಲೆ ಒಂದು ರೂಮು. ತಾರಸಿಗೆ ಹೋದ್ರೆ ದುರ್ಗದ ಬೆಟ್ಟ ಕಾಣತ್ತೆ. ಅಕ್ಕನಿಗೆ ಅಲ್ಲೇ ಮನಸ್ಸು ನಿಂತುಬಿಡ್ತು. ಸಣ್ಣವರಿದ್ದಾಗ ಅಪ್ಪ ನಮ್ಮನ್ನ ಬೆಟ್ಟಕ್ಕೆ ನಡೆಸಿಕೊಂಡೇ ಹೋಗ್ತಿದ್ರು, ಅದೆಲ್ಲ ನೆನಪಿಗೆ ಬಂತು ಅಂತ ಕಾಣತ್ತೆ.

48 ಲಕ್ಷಕ್ಕೆ ಮಾತಾಯ್ತು. ಅಡ್ವಾನ್ಸು 4 ಲಕ್ಷ, ಮೂರು ತಿಂಗಳ ಗಡುವು. ಗಡುವಿನೊಳಗೆ ರಿಜಿಸ್ಟರ್ ಮಾಡಿಸ್ಕೊಳ್ಳದಿದ್ರೆ ಅಡ್ವಾನ್ಸು ವಾಪಸ್ ಇಲ್ಲ ಅಂತ ಕರಾರಿನಲ್ಲಿ ಒಂದು ಸಾಲು. ಭಾವ ಆ ಸಾಲಿನ ಮೇಲೆ ಬೆರಳಿಟ್ಟು ಕೇಳಿದಾರೆ, "ಲೋನ್ ಬರದಿದ್ರೆ?" ಅಂತ. ಬ್ರೋಕರ್ ನಕ್ಕಿದಾನೆ. "ಮೇಷ್ಟ್ರೇ, ಲೋನ್ ಚಿಂತೆ ನನಗ್ ಬುಡಿ. ಬ್ಯಾಂಕಿಂದ ಬರೋ ಇಂಜಿನಿಯರ್ರು ನಮ್ಮೋರೇ. ನಾನ್ ಹೇಳಿದ್ ರೇಟ್ ಹಾಕ್ತಾರೆ."

ನಮ್ಮ ಕಡೆ ಬ್ಯಾಂಕಿನ ಇಂಜಿನಿಯರ್ರು ಅಂದ್ರೆ ವ್ಯಾಲ್ಯುಯರ್. ನೀವು ಮನೆಸಾಲಕ್ಕೆ ಅರ್ಜಿ ಹಾಕಿದ್ರೆ ಬ್ಯಾಂಕು ತನ್ನ ಪ್ಯಾನೆಲ್ಲಿನಿಂದ ಒಬ್ಬರನ್ನ ಕಳಿಸತ್ತೆ. ಅವರು ಮನೆ ನೋಡಿ, ಅಳೆದು, ಕಾಗದ ನೋಡಿ, ಇದು ಇಷ್ಟು ಬಾಳತ್ತೆ ಅಂತ ಬರೆದುಕೊಡ್ತಾರೆ. ಬ್ಯಾಂಕು ಸಾಲ ಕೊಡೋದು ಕರಾರಿನ ಬೆಲೆ, ವ್ಯಾಲ್ಯುಯರ್ ಬೆಲೆ ಎರಡರಲ್ಲಿ ಯಾವುದು ಕಡಿಮೆಯೋ ಅದರ ಮೇಲೆ. ರಿಸರ್ವ್ ಬ್ಯಾಂಕ್ ಗರಿಷ್ಠ ಮಿತಿಯನ್ನೂ ಹಾಕಿದೆ. ಸಾಲ 30 ಲಕ್ಷದವರೆಗಿದ್ರೆ ಬೆಲೆಯ ಶೇ. 90, 30ರಿಂದ 75 ಲಕ್ಷದವರೆಗೆ ಶೇ. 80, ಅದಕ್ಕೂ ಮೇಲೆ ಶೇ. 75. ಇದು ಮಿತಿ ಮಾತ್ರ, ಬ್ಯಾಂಕು ಇನ್ನೂ ಕಮ್ಮಿ ಕೊಡಬಹುದು. ಭಾವನಿಗೆ ಹೇಳಿದ್ದು ಎಂಬತ್ತು ಪರ್ಸೆಂಟು. 48ಕ್ಕೆ 38 ಲಕ್ಷದ 40 ಸಾವಿರ. ಉಳಿದದ್ದಕ್ಕೆ ಪಿಎಫ್ ಇತ್ತು, ಅಕ್ಕನ ಒಡವೆ ಇತ್ತು. ಅಡ್ವಾನ್ಸಿಗೇ ಒಡವೆ ಅಡ ಇಟ್ಟಾಗಿತ್ತು, ಅದು ಬೇರೆ ಮಾತು.

ವ್ಯಾಲ್ಯುಯರ್ ಬಂದ ದಿನ ನಾನೂ ಅಲ್ಲಿದ್ದೆ. ಬ್ರೋಕರ್ರೇ ಬಸ್‌ಸ್ಟ್ಯಾಂಡಿನಿಂದ ಅವರನ್ನ ಬೈಕಲ್ಲಿ ಕೂರಿಸ್ಕೊಂಡು ಬಂದ. ಮೊದಲು ಹೋಟೆಲಿಗೆ. ಇಡ್ಲಿ, ಖಾಲಿ ದೋಸೆ, ಕಾಫಿ. ಆ ಮನುಷ್ಯ ಕಾಫಿ ಮಾತ್ರ ಕುಡಿದು ತಮ್ಮ ದುಡ್ಡು ತಾವೇ ಕೊಟ್ರು. ನನಗೆ ಆಗಲೇ ಏನೋ ವಾಸನೆ ಹೊಡೀಬೇಕಿತ್ತು. ಮನೆ ಹತ್ರ ಬಂದ ಮೇಲೆ ಅವರು ಟೇಪು ಬಿಚ್ಚೋ ಮೊದಲೇ ಬ್ರೋಕರ್ ಶುರು ಹಚ್ಕೊಂಡ. "ಸಾರ್, ನಲವತ್ತೆಂಟು ಬರ್ಬೇಕು. ಒಂದು ಐವತ್ತು ಹಾಕ್‌ಬುಡಿ, ಪಾರ್ಟಿ ನಮ್ಮೋರೇ." ಅವರು ಮಾತಾಡ್ಲಿಲ್ಲ. ಅಳೆದ್ರು, ಫೋಟೋ ತೆಗೆದ್ರು, ಚೆಕ್ಕುಬಂದಿ ನೋಡಿದ್ರು. "ಪ್ಲಾನ್ ಕಾಪಿ ಇದೆಯಾ?" ಅಂದ್ರು. ಬ್ರೋಕರ್ ಹತ್ರ ಇರ್ಲಿಲ್ಲ. "ಮೇಲಿನ ರೂಮು ಪ್ಲಾನ್‌ನಲ್ಲಿದೆಯಾ?" ಗೊತ್ತಿಲ್ಲ. "ಪಕ್ಕದಲ್ಲಿ ಇತ್ತೀಚೆಗೆ ಯಾವ್ದಾದ್ರೂ ಮಾರಾಟ ಆಗಿದೆಯಾ? ಎಷ್ಟಕ್ಕೆ?" ಅಂತ ಕೇಳಿದ್ರು ನೋಡಿ, ಆಗ ನಮ್ಮ ಬ್ರೋಕರ್ ಮಹಾಶಯ ಒಂದು ಕ್ಷಣ ಸುಮ್ಮನಾದ. ಆಮೇಲೆ "ಎಲ್ಲಾ ಮೂರು ಸಾವಿರದ ಮೇಲೇ ಸಾರ್" ಅಂದ. "ಕಾಗದ ಇದೆಯಾ?" ಅಂದ್ರು. ಇರ್ಲಿಲ್ಲ.

ಆ ಕ್ಷಣದ ಮೌನಕ್ಕೆ ಅರ್ಥ ಏನು ಅಂತ ನನಗೆ ಗೊತ್ತಾಗಿದ್ದು ಎರಡು ತಿಂಗಳಾದ ಮೇಲೆ.

ಹತ್ತು ದಿನಕ್ಕೆ ರಿಪೋರ್ಟ್ ಬಂತು. ಜಾಗ ಚದರಡಿಗೆ 1,900 ರೂಪಾಯಿ, 1,200 ಚದರಡಿಗೆ 22 ಲಕ್ಷ 80 ಸಾವಿರ. ಕಟ್ಟಡವನ್ನ ಇವತ್ತು ಹೊಸದಾಗಿ ಕಟ್ಟೋದಾದ್ರೆ ಚದರಡಿಗೆ 1,800, ಅಂದ್ರೆ 18 ಲಕ್ಷ. ಅರವತ್ತು ವರ್ಷದ ಆಯಸ್ಸಿನಲ್ಲಿ ಇಪ್ಪತ್ತು ಕಳೆದಿದೆ, ಸವಕಳಿ ಶೇ. 30 ಕಳೆದು 12 ಲಕ್ಷ 60 ಸಾವಿರ. ಪ್ಲಾನ್‌ನಲ್ಲಿ ಇಲ್ಲದ ಮೇಲಿನ ರೂಮಿಗೆ ಸೊನ್ನೆ. ಒಟ್ಟು 35 ಲಕ್ಷ 40 ಸಾವಿರ. ಎಂಬತ್ತು ಪರ್ಸೆಂಟ್ ಅಂದ್ರೆ 28 ಲಕ್ಷ 32 ಸಾವಿರ. ಹತ್ತು ಲಕ್ಷ ಕಮ್ಮಿ! ಸ್ಟ್ಯಾಂಪು, ರಿಜಿಸ್ಟ್ರೇಷನ್ ಖರ್ಚನ್ನ ಬ್ಯಾಂಕು ಈ ಲೆಕ್ಕಕ್ಕೆ ಸೇರಿಸೋದಿಲ್ಲ, ಅದೂ ಕೈಯಿಂದಲೇ ಹೋಗ್ಬೇಕು. ಮೇಷ್ಟ್ರು ಎಲ್ಲಿಂದ ತರ್ತಾರೆ?

ಬ್ರೋಕರ್ ಫೋನಲ್ಲಿ ಕೂಗಾಡಿದ. "ಆ ಇಂಜಿನಿಯರ್ ನನ್ ಮಗ ಡೀಲ್ ಕೆಡ್ಸ್‌ಬುಟ್ಟ ಮೇಷ್ಟ್ರೇ! ಕವರ್ ಕೊಟ್ಟಿಲ್ಲಾಂತ ಸಿಟ್ಟು ಅವನಿಗೆ." ನಾನೂ ನಂಬಿದೆ. ಸುಳ್ಳು ಯಾಕೆ ಹೇಳ್ಲಿ, ಎರಡು ತಿಂಗಳು ಆ ಮನುಷ್ಯನನ್ನ ನಾನೂ ಮನಸಾರೆ ಬೈದಿದ್ದೀನಿ.

ಗಡುವು ಮುಗೀತು. ಮನೆ ಮಾರ್ತಿದ್ದ ಅಜ್ಜಿ ಕೆಟ್ಟವರಲ್ಲ. ಅವರು ಆ 4 ಲಕ್ಷವನ್ನ ಮಗನ ಮನೆಗೆ ಕೊಟ್ಟಾಗಿತ್ತು. ಅತ್ತು ಕರೆದು ಒಂದೂವರೆ ಲಕ್ಷ ವಾಪಸ್ ಕೊಟ್ರು. ಎರಡೂವರೆ ಹೋಯ್ತು. ಅಕ್ಕ ಇವತ್ತಿಗೂ ಒಡವೆಗೆ ಬಡ್ಡಿ ಕಟ್ತಿದಾಳೆ. ತಾರಸಿಯಿಂದ ಬೆಟ್ಟ ನೋಡೋ ಮಾತು ನಮ್ಮನೇಲಿ ಈಗ ಯಾರೂ ಎತ್ತಲ್ಲ.

ನನಗೆ ಸಮಾಧಾನ ಆಗ್ಲಿಲ್ಲ. ರಿಪೋರ್ಟಿನಲ್ಲಿ ಹೋಲಿಕೆಗೆ ಅಂತ ಒಂದು ಕ್ರಯಪತ್ರದ ನಂಬರ್ ಇತ್ತು. ಪಕ್ಕದ ಬೀದಿ, ಅದೇ ಅಳತೆಯ ಖಾಲಿ ಸೈಟು, 2024ರ ಫೆಬ್ರವರಿಯಲ್ಲಿ ಮಾರಾಟ. ಸಬ್‌ರಿಜಿಸ್ಟ್ರಾರ್ ಆಫೀಸಿನಲ್ಲಿ ದಾಖಲಾದ ಕ್ರಯಪತ್ರದ ನಕಲು ಅರ್ಜಿ ಹಾಕಿದ್ರೆ ಸಿಗತ್ತೆ, ಹಾಕಿದೆ. ಕ್ರಯದ ಮೊಬಲಗು 22 ಲಕ್ಷ 80 ಸಾವಿರ. ಚದರಡಿಗೆ ಕರೆಕ್ಟಾಗಿ 1,900, ಆ ಬೀದಿಯ ಗೈಡೆನ್ಸ್ ವ್ಯಾಲ್ಯೂ. ಒಂದು ರೂಪಾಯಿ ಆಚೆ ಇಲ್ಲ, ಈಚೆ ಇಲ್ಲ. ಮಾರಿದವರನ್ನ ಹುಡುಕಿಕೊಂಡು ಹೋಗಿ ಕೇಳಿದೆ. ಅವರು ನಗುತ್ತಲೇ ಹೇಳಿದ್ರು, ಕೈಗೆ ಬಂದಿದ್ದು 36 ಲಕ್ಷ ಅಂತ. ಚದರಡಿಗೆ ಮೂರು ಸಾವಿರ. 13 ಲಕ್ಷ 20 ಸಾವಿರ ಕ್ಯಾಶ್.

ಕ್ರಯಪತ್ರದ ಕೊನೇ ಪುಟದಲ್ಲಿ ಸಾಕ್ಷಿಗಳ ರುಜು ಇರತ್ತಲ್ಲ. ಒಂದನೇ ಸಾಕ್ಷಿ, ನಮ್ಮ ಬ್ರೋಕರ್!

ಈಗ ಒಂದು ಸಣ್ಣ ಲೆಕ್ಕ ಮಾಡಿ. ಆ ಕ್ರಯಪತ್ರದಲ್ಲಿ ನಿಜವಾದ 36 ಲಕ್ಷ ಬರೆದಿದ್ರೆ, ನಮ್ಮ ವ್ಯಾಲ್ಯುಯರ್ ಕೈಯಲ್ಲಿ ಮೂರು ಸಾವಿರದ ಕಾಗದ ಇರ್ತಿತ್ತು. ಅಕ್ಕನ ಮನೆ ಜಾಗಕ್ಕೆ 36, ಕಟ್ಟಡಕ್ಕೆ 12.6, ಒಟ್ಟು 48 ಲಕ್ಷ 60 ಸಾವಿರ. ಕರಾರಿನ ಬೆಲೆಗೆ ಸಾಲ ಪೂರ್ತಿ ಬರ್ತಿತ್ತು. ಡೀಲ್ ಕೆಡಿಸಿದ್ದು ಯಾರು ಹಾಗಾದ್ರೆ? 2025ರಲ್ಲಿ ಟೇಪು ಹಿಡಿದು ಬಂದವರೋ, 2024ರಲ್ಲಿ ಪೆನ್ನು ಹಿಡಿದು ಸಾಕ್ಷಿ ಹಾಕಿದವನೋ?

ಇದೇ ನನ್ನ ಜಗಳ. ತುಮಕೂರಿನ, ಗುಬ್ಬಿಯ, ಕುಣಿಗಲ್ಲಿನ ಯಾವ ಟೀ ಅಂಗಡಿ ಮುಂದೆ ಬೇಕಾದ್ರೂ ನಿಂತ್ಕೊಳಿ, ಬ್ರೋಕರ್‌ಗಳ ದೂರು ಒಂದೇ. ವ್ಯಾಲ್ಯುಯರ್‌ಗೆ ಮಾರ್ಕೆಟ್ ಗೊತ್ತಿಲ್ಲ, ಎಸಿ ರೂಮಲ್ಲಿ ಕೂತು ರೇಟ್ ಹಾಕ್ತಾನೆ, ಎಸ್‌ಆರ್ ವ್ಯಾಲ್ಯೂ ನೋಡಿ ಕಾಪಿ ಹೊಡೀತಾನೆ. ಅಲ್ಲಾ ಸ್ವಾಮಿ, ಮಾರ್ಕೆಟ್ಟಿನ ನಿಜವಾದ ರೇಟು ಇರೋದು ನಿಮ್ಮ ತಲೆಯಲ್ಲಿ ಮತ್ತೆ ನಿಮ್ಮ ಡೈರಿಯಲ್ಲಿ. ಕಾಗದದ ಮೇಲೆ ಬರೆಯೋ ಹೊತ್ತಿಗೆ ಅದನ್ನ ನೀವೇ ಅಳಿಸಿ ಹಾಕ್ತೀರಿ. ಆಮೇಲೆ ವ್ಯಾಲ್ಯುಯರ್‌ಗೆ ಕಾಗದ ಬಿಟ್ಟು ಬೇರೇನು ಕಾಣತ್ತೆ? ನೀವು ಹೇಳಿದ್ದನ್ನ ನಂಬಿ ಬರೆದ್ರೆ, ನಾಳೆ ಸಾಲ ಕೆಟ್ಟಾಗ ಬ್ಯಾಂಕಿನವರು ಹಿಡಿಯೋದು ಅವರ ಕುತ್ತಿಗೆ, ನಿಮ್ಮದಲ್ಲ.

ಆ ಸೈಟಿನಲ್ಲಿ ಉಳಿಸಿದ್ದು ಎಷ್ಟು ಗೊತ್ತಾ? ಆಗ ಸ್ಟ್ಯಾಂಪು ಶೇ. 5, ಅದರ ಮೇಲೆ ಸೆಸ್ಸು ಸರ್‌ಚಾರ್ಜು ಸೇರಿ 5.6, ರಿಜಿಸ್ಟ್ರೇಷನ್ ಶೇ. 1. ಒಟ್ಟು 6.6. ಹದಿಮೂರು ಲಕ್ಷ ಚಿಲ್ಲರೆಗೆ ಸುಮಾರು 87 ಸಾವಿರ. ಕೊಂಡವನು 87 ಸಾವಿರ ಉಳಿಸಿದ, ಮಾರಿದವನು ತೆರಿಗೆ ಉಳಿಸಿದ, ಬೀದಿಯಲ್ಲಿ ಮುಂದೆ ಸಾಲ ಮಾಡಿ ಮನೆ ಕೊಳ್ಳೋರಿಗೆಲ್ಲ ಗುಂಡಿ ತೋಡಿಟ್ಟು ಹೋದ್ರು. ಆ ಗುಂಡಿಗೆ ಬಿದ್ದಿದ್ದು ನಮ್ಮಕ್ಕ. ಕ್ಯಾಶ್ ಇರೋನು ಬೀಳಲ್ಲ, ಅವನು ದಾಟಿಕೊಂಡು ಹೋಗ್ತಾನೆ.

"ನಾವೇನ್ ಮಾಡೋಣ ಸಾರ್, ಪಾರ್ಟಿನೇ ಹಂಗ್ ಕೇಳ್ತಾರೆ" ಅನ್ನೋದು ಇದಕ್ಕೆ ಸಿಗೋ ಉತ್ತರ. ಅರ್ಧ ನಿಜ, ಒಪ್ತೀನಿ. ನಾನೇನು ಗಂಗೆಯಲ್ಲಿ ಮಿಂದವನಲ್ಲ. 2016ರ ಜನವರಿಯಲ್ಲಿ ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆಗೆ ಪ್ರಧಾನಿ ಬಂದು ಅಡಿಗಲ್ಲು ಹಾಕಿದ್ರಲ್ಲ, ಆ ಬೇಸಿಗೆಯಲ್ಲಿ ಸುತ್ತಮುತ್ತ ಜಮೀನಿಗೆ ರೆಕ್ಕೆ ಬಂತು. ನಮ್ಮಪ್ಪ ಆ ಕಡೆ ಇದ್ದ ಒಂದೂವರೆ ಎಕರೆ ಹೊಲ ಮಾರಿದ್ರು. ಕ್ರಯಪತ್ರದಲ್ಲಿ ಬರೆಸಿದ್ದು ಅರ್ಧಕ್ಕೂ ಕಮ್ಮಿ. ಉಳಿದದ್ದನ್ನ ಅಕ್ಕಿ ಚೀಲದಲ್ಲಿ ಹಾಕ್ಕೊಂಡು ಬಂದವನು ನಾನೇ. ಅದೇ ವರ್ಷ ನವೆಂಬರ್ ಎಂಟಕ್ಕೆ ಐನೂರು-ಸಾವಿರದ ನೋಟು ನಡೆಯಲ್ಲ ಅಂದಾಗ ಆ ಚೀಲದ ಗತಿ ಏನಾಯ್ತು ಅನ್ನೋದು ಇನ್ನೊಂದು ಪೋಸ್ಟಿಗೆ ಆಗೋಷ್ಟಿದೆ, ಅಪ್ಪ ಇರೋವರೆಗೂ ಬರೆಯಲ್ಲ. ಸ್ಥಿರಾಸ್ತಿ ವ್ಯವಹಾರದಲ್ಲಿ 20 ಸಾವಿರ ಅಥವಾ ಅದಕ್ಕಿಂತ ಹೆಚ್ಚು ನಗದು ಮುಟ್ಟೋ ಹಾಗಿಲ್ಲ, ಮುಟ್ಟಿದವನಿಗೆ ಅಷ್ಟೇ ಮೊತ್ತದ ದಂಡ ಅಂತ 2015ರ ಜೂನ್‌ನಿಂದಲೇ ಕಾನೂನಿತ್ತು. ನಮಗೆ ಯಾರೂ ಹೇಳ್ಲಿಲ್ಲ. ನಾವೂ ಕೇಳ್ಲಿಲ್ಲ.

ಆದ್ರೆ ಇನ್ನರ್ಧ ಇದೆಯಲ್ಲ. ಪಾರ್ಟಿ ಜೀವಮಾನದಲ್ಲಿ ಒಂದು ಸಲವೋ ಎರಡು ಸಲವೋ ಕೊಳ್ತಾನೆ. ಬ್ರೋಕರ್ ಅದೇ ಬೀದಿಯಲ್ಲಿ ವರ್ಷಕ್ಕೆ ಹತ್ತು ಮಾಡಿಸ್ತಾನೆ. ಇವತ್ತು ಬರೆಸಿದ ಸುಳ್ಳು ನಾಳೆ ತನ್ನ ಕಾಲಿಗೇ ತೊಡರತ್ತೆ ಅಂತ ಗೊತ್ತಿರಬೇಕಾದವನು ಅವನು. ಎರಡು ಪರ್ಸೆಂಟ್ ತಗೊಳೋದು ಇನ್ಯಾತಕ್ಕೆ? ಅಕ್ಕನ ಮನೆಯಲ್ಲಿ ಅವನಿಗೆ ಬರ್ತಿದ್ದಿದ್ದು 96 ಸಾವಿರ. ವ್ಯಾಲ್ಯುಯರ್‌ಗೆ ಭಾವ ಕಟ್ಟಿದ ಫೀಸು 2,500. ಯಾರ ಒಂದು ಅಂಕಿಯ ಮೇಲೆ ಇಡೀ ವ್ಯವಹಾರ ನಿಂತಿದೆಯೋ ಅವನಿಗೆ ಎರಡೂವರೆ ಸಾವಿರ, ಅವನನ್ನ ಬೈಕಲ್ಲಿ ಕರ್ಕೊಂಡು ಬಂದವನಿಗೆ ಹತ್ತಿರ ಹತ್ತಿರ ಲಕ್ಷ! ಇದು ಯಾವ ನ್ಯಾಯವೋ ನರಸಿಂಹಸ್ವಾಮಿಯೇ ಹೇಳ್ಬೇಕು.

ನಮ್ಮ ಕಡೆ ಬೆಲೆ ಏರೋದು ಕೂಡ ಹೇಗೆ ಅಂತ ಸ್ವಲ್ಪ ನೋಡಿ. ಎಚ್‌ಎಎಲ್ ಕಾರ್ಖಾನೆ ಉದ್ಘಾಟನೆ ಆಗಿದ್ದು 2023ರ ಫೆಬ್ರವರಿಯಲ್ಲಿ. ಬೆಲೆ ಏರಿದ್ದು ಏಳು ವರ್ಷ ಮೊದಲು, ಅಡಿಗಲ್ಲಿಗೇ. 2025ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಎರಡನೇ ಏರ್‌ಪೋರ್ಟಿಗೆ ಅಂತ ಕೇಂದ್ರದ ತಂಡ ಮೂರು ಜಾಗ ನೋಡಿ ಹೋಯ್ತು. ಎರಡು ಕನಕಪುರ ರಸ್ತೆ ಕಡೆ, ಒಂದು ನೆಲಮಂಗಲ-ಕುಣಿಗಲ್ ರಸ್ತೆ ಕಡೆ. ನೋಡಿ ಹೋಗಿದ್ದು ಅಷ್ಟೇ. ಮರುವಾರವೇ ಕುಣಿಗಲ್ ಕಡೆ ಸೈಟಿನ ಬ್ರೋಷರ್‌ಗಳಲ್ಲಿ ವಿಮಾನ ಹಾರ್ತಿತ್ತು. ಮಾದಾವರದಿಂದ ತುಮಕೂರಿಗೆ ಮೆಟ್ರೋ ತರೋ ಮಾತು ಶುರುವಾಯ್ತು, ಹಳಿಯ ಒಂದು ತುಂಡೂ ಬೀಳೋ ಮೊದಲೇ ಚದರಡಿಗೆ ಇನ್ನೂರು ಮುನ್ನೂರು ಏರಿಸಿ ಕೂತ್ರು. ದುರ್ಗದ ಸುತ್ತ ಅಂತೂ ಬಿಡಿ. ಬೆಟ್ಟದ ಮೇಲೆ ನಿಂತು ಕೆಳಗೆ ನೋಡಿದ್ರೆ ಮೊದಲು ರಾಗಿ ಹೊಲ ಕಾಣ್ತಿತ್ತು, ಈಗ ಬಣ್ಣ ಬಣ್ಣದ ಬಾವುಟ, ಸುಣ್ಣ ಬಳಿದ ಕಲ್ಲು, "ಹಿಲ್ ವ್ಯೂ ಫಾರ್ಮ್ ಪ್ಲಾಟ್" ಬೋರ್ಡು. ಪಹಣಿಯಲ್ಲಿ ನೋಡಿದ್ರೆ ಇನ್ನೂ ಕೃಷಿ ಜಮೀನು. ಕನ್ವರ್ಷನ್ ಇಲ್ಲ, ಪೋಡಿ ಇಲ್ಲ, ಒಂದು ಸರ್ವೆ ನಂಬರಿನಲ್ಲಿ ಇಪ್ಪತ್ತು ಜನರ ಹೆಸರು.

ಇಂಥಾ ಕಡೆ ವ್ಯಾಲ್ಯುಯರ್ ಬಂದು ಏನು ಬರೀಬೇಕು? ಬರಲಿರೋ ಏರ್‌ಪೋರ್ಟಿಗೆ ಇಷ್ಟು, ಬೆಟ್ಟದ ನೋಟಕ್ಕೆ ಇಷ್ಟು ಅಂತ ಬರೆಯೋಕಾಗತ್ತಾ? ಪರಿಚಯದ ವ್ಯಾಲ್ಯುಯರ್ ಒಬ್ಬರು ಹೇಳಿದ್ದು ಕೇಳಿ. ಕಾಡಂಚಿನ ಒಂದು ಜಮೀನು ನೋಡೋಕೆ ಅಂತ ಹೋಗಿದ್ರಂತೆ. ಬ್ರೋಕರ್ ತೋರಿಸಿದ್ದು ರಸ್ತೆ ಪಕ್ಕದ ಚೆಂದದ ಜಾಗ, ಬೋರ್‌ವೆಲ್ಲು, ತೆಂಗಿನ ಸಸಿ ಎಲ್ಲಾ ಇತ್ತು. ಇವರಿಗೆ ಯಾಕೋ ಅನುಮಾನ ಬಂದು ಸರ್ವೆ ಸ್ಕೆಚ್ ಹಿಡ್ಕೊಂಡು ನಡೆದು ನೋಡಿದ್ರೆ, ಕಾಗದದಲ್ಲಿರೋ ಜಮೀನು ಅಲ್ಲಿಂದ ಅರ್ಧ ಕಿಲೋಮೀಟರ್ ಒಳಗೆ, ಅರಣ್ಯದ ಗಡಿಕಲ್ಲಿಗೆ ಒತ್ತಿಕೊಂಡಂಗೆ, ದಾರಿಯೇ ಇಲ್ಲ. ಕೇಳಿದ್ರೆ, "ಸಾರ್, ಬಿಸಿಲಲ್ಲಿ ನಿಮ್ಮನ್ನ ಅಷ್ಟು ದೂರ ಯಾಕ್ ನಡೆಸೋದು ಅಂತ" ಅಂದನಂತೆ! ಎಂಥಾ ಕರುಣೆ :-)

ಹಾಗಂತ ವ್ಯಾಲ್ಯುಯರ್‌ಗಳೆಲ್ಲ ಸತ್ಯಹರಿಶ್ಚಂದ್ರರು ಅಂತ ನಾನು ಹೇಳ್ತಿಲ್ಲ. ಬೈಕಿಂದ ಇಳಿಯದೆ ಗೇಟಿನ ಫೋಟೋ ತೆಗೆದು ರಿಪೋರ್ಟ್ ಬರೆಯೋರಿದಾರೆ. ಹಳೇ ರಿಪೋರ್ಟಿನ ಹೆಸರು ಬದಲಾಯಿಸಿ ಕಳಿಸೋರಿದಾರೆ, ಒಂದು ಸಲ ಕುಣಿಗಲ್ಲಿನ ಮನೆ ರಿಪೋರ್ಟಿನಲ್ಲಿ ತಿಪಟೂರಿನ ಚೆಕ್ಕುಬಂದಿ ಇದ್ದಿದ್ದನ್ನ ನಾನೇ ಕಂಡಿದ್ದೀನಿ. ಕವರ್ ತಗೊಳೋರೂ ಇದಾರೆ. ಕವರ್ ಕೊಡೋರು ಯಾರು ಅಂತ ಕೇಳಿದ್ರೆ ಮತ್ತೆ ಅದೇ ಟೀ ಅಂಗಡಿಗೆ ಹೋಗ್ಬೇಕಾಗತ್ತೆ. ಕಂಪನಿ ಕಾಯ್ದೆಯಡಿ 2017ರಲ್ಲಿ ನೋಂದಾಯಿತ ಮೌಲ್ಯಮಾಪಕರ ನಿಯಮಗಳು ಬಂದ್ವು. ಅದರ ನೀತಿಸಂಹಿತೆಯಲ್ಲಿ ಮೌಲ್ಯಮಾಪಕ ಯಾರ ಹಂಗಿಗೂ ಬೀಳಬಾರದು, ವ್ಯವಹಾರ ಕುದುರಿದ್ರೆ ಮಾತ್ರ ಫೀಸು ಅನ್ನೋ ಲೆಕ್ಕ ಇಟ್ಕೋಬಾರದು ಅಂತ ಇದೆ. ಮನೆಸಾಲದ ಪ್ಯಾನೆಲ್ಲಿಗೆ ಬಹುಮಟ್ಟಿಗೆ ಬ್ಯಾಂಕಿನದೇ ಕಟ್ಟಳೆ. 50 ಕೋಟಿ ಮತ್ತು ಮೇಲ್ಪಟ್ಟ ಆಸ್ತಿಗೆ ಕನಿಷ್ಠ ಇಬ್ಬರಿಂದ ಪ್ರತ್ಯೇಕ ರಿಪೋರ್ಟ್ ತಗೊಳಿ ಅಂತ ರಿಸರ್ವ್ ಬ್ಯಾಂಕ್ 2007ರಲ್ಲೇ ಹೇಳಿದೆ. ನಮ್ಮ ಮೇಷ್ಟ್ರ 48 ಲಕ್ಷಕ್ಕೆ ಒಬ್ಬರೇ ಗತಿ.

ಬ್ರೋಕರ್‌ಗಾದ್ರೂ ಕಟ್ಟಳೆ ಇದೆಯಾ ಅಂದ್ರೆ, ರೇರಾ ಇದೆ. 2016ರ ಕಾಯ್ದೆ. ಏಜೆಂಟರೂ ನೋಂದಣಿ ಮಾಡಿಸ್ಬೇಕು ಅಂತ ಅದರಲ್ಲೇ ಬರೆದಿದೆ. ಆದ್ರೆ ಅದು ನೋಂದಾಯಿತ ಪ್ರಾಜೆಕ್ಟಿನ ಫ್ಲ್ಯಾಟು, ಸೈಟು ಮಾರೋರಿಗೆ. ಅಜ್ಜಿಯೊಬ್ಬರ ಇಪ್ಪತ್ತು ವರ್ಷದ ಹಳೇ ಮನೆ ಮಾರಿಸೋನಿಗೆ ಯಾವ ಲೈಸೆನ್ಸೂ ಬೇಡ. ಮೊಬೈಲು, ಬೈಕು, ಬಾಯಿ, ಇಷ್ಟಿದ್ರೆ ಆಯ್ತು.

ಅಮೆರಿಕದಲ್ಲಿರೋ ನಮ್ಮ ಬ್ಲಾಗಿಗ ಮಿತ್ರರಿಗೆ ಇದೆಲ್ಲ ನಗು ತರಿಸಬಹುದು. ಆದ್ರೆ ನಿಮ್ಮಲ್ಲೂ ಇದೇ ಕಥೆಯೇ ಆಗಿ ಅಲ್ವಾ 2008ರಲ್ಲಿ ಎಲ್ಲಾ ಕುಸಿದಿದ್ದು? ಸಾಲ ಕೊಡೋರು, ಮಾರಿಸೋರು ಸೇರಿ ಅಪ್ರೈಸರ್‌ಗಳ ಮೇಲೆ ಒತ್ತಡ ಹಾಕಿ ಬೆಲೆ ಉಬ್ಬಿಸಿದ್ರು. 2007ರಲ್ಲಿ ನ್ಯೂಯಾರ್ಕಿನ ಅಟಾರ್ನಿ ಜನರಲ್ ಆಗಿದ್ದ ಆಂಡ್ರ್ಯೂ ಕ್ವೋಮೊ ಇದೇ ವಿಷಯಕ್ಕೆ ಕೇಸು ಹಾಕಿದ್ರು. 2009ರಲ್ಲಿ ಒಂದು ನೀತಿಸಂಹಿತೆ ಬಂತು, 2010ರ ಡಾಡ್-ಫ್ರಾಂಕ್ ಕಾಯ್ದೆಯಲ್ಲಿ ಅದು ಕಾನೂನೇ ಆಯ್ತು. ನನಗೆ ಇಷ್ಟವಾಗಿದ್ದು ಏನಂದ್ರೆ, ಅಲ್ಲಿ ಏಜೆಂಟು ಅಪ್ರೈಸರ್ ಜೊತೆ ಮಾತಾಡಲೇಬಾರದು ಅಂತ ಇಲ್ಲ. ಮಾತಾಡಬಹುದು. ಅಕ್ಕಪಕ್ಕದ ಮಾರಾಟದ ವಿವರ ಕೊಡಬಹುದು, ಮನೆ ಬಗ್ಗೆ ಇನ್ನಷ್ಟು ಮಾಹಿತಿ ಗಮನಿಸಿ ಅಂತ ಕೇಳಬಹುದು, ರಿಪೋರ್ಟಿನಲ್ಲಿ ತಪ್ಪಿದ್ರೆ ತಿದ್ದಿ ಅನ್ನಬಹುದು. "ಇಷ್ಟು ಬರ್ಬೇಕು" ಅಂತ ಒತ್ತಾಯ ಮಾಡೋ ಹಾಗಿಲ್ಲ, ಅಷ್ಟೇ. ನಮ್ಮಲ್ಲಿ ಸರಿಯಾಗಿ ಇದರ ಉಲ್ಟಾ. ಮಾಹಿತಿ ಒಂದೂ ಕೊಡಲ್ಲ, ಅಂಕಿ ಮಾತ್ರ ಹೇಳ್ತೀವಿ.

ಆ ದಿನ ನಮ್ಮ ಬ್ರೋಕರ್ ಏನು ಮಾಡಬಹುದಿತ್ತು ಅಂತ ಎಷ್ಟೋ ರಾತ್ರಿ ಯೋಚಿಸಿದ್ದೀನಿ. ದೊಡ್ಡ ವಿದ್ಯೆ ಏನಲ್ಲ. ಇ-ಖಾತೆ, ಕಂದಾಯ ರಸೀದಿ, ಇಸಿ, ಮಂಜೂರಾದ ಪ್ಲಾನು ಒಂದು ಫೈಲಿನಲ್ಲಿ ಹಾಕಿ ವ್ಯಾಲ್ಯುಯರ್ ಕೈಗೆ ಕೊಡೋದು. (2024ರ ಅಕ್ಟೋಬರಿನಿಂದ ಇ-ಖಾತೆ ಇಲ್ಲದೆ ರಿಜಿಸ್ಟ್ರೇಷನ್ನೇ ಇಲ್ಲ, ಹೇಗಿದ್ರೂ ಬೇಕೇ ಬೇಕಿತ್ತು.) ಮೇಲಿನ ರೂಮಿಗೆ ಲೈಸೆನ್ಸ್ ಇಲ್ಲ ಅಂತ ತಾನೇ ಮೊದಲು ಹೇಳೋದು. ಹೇಗೂ ಅವರು ಕಂಡುಹಿಡೀತಾರೆ, ಮುಚ್ಚಿಟ್ರೆ ಉಳಿದ ಮಾತನ್ನೂ ನಂಬಲ್ಲ. ಆ ಬೀದಿಯಲ್ಲಿ ತಾನು ಮಾರಿಸಿದ ಮೂರೋ ನಾಲ್ಕೋ ಸೈಟಿನ ಕ್ರಯಪತ್ರದ ನಂಬರ್ ಕೊಡೋದು, ನಿಜವಾದ ಬೆಲೆ ಬರೆದ ಕ್ರಯಪತ್ರ. ಚೆಕ್ಕುಬಂದಿ ತೋರಿಸಿ, ಬೀಗ ತೆಗೆದು, ಪಕ್ಕಕ್ಕೆ ಹೋಗಿ ನಿಂತ್ಕೊಳೋದು. ರಿಪೋರ್ಟಿನಲ್ಲಿ ಅಳತೆ ತಪ್ಪಿದ್ರೆ ಸಾಲ ತಗೊಳೋರ ಕೈಲಿ ಬ್ಯಾಂಕಿಗೆ ಬರೆಸೋದು, ವ್ಯಾಲ್ಯುಯರ್ ಮನೆಗೆ ಹೋಗಿ ಬಾಗಿಲು ಬಡಿಯೋದಲ್ಲ.

ಎಲ್ಲಕ್ಕಿಂತ ಮೊದಲು, ಅಡ್ವಾನ್ಸು ಕೊಡಿಸೋ ಮುಂಚೆ ವ್ಯಾಲ್ಯುಯೇಷನ್ ಮಾಡಿಸಿ ಅಂತ ಭಾವನಿಗೆ ಹೇಳೋದು. ಅಷ್ಟು ಆಗದಿದ್ರೆ ಕರಾರಿನಲ್ಲಿ ಒಂದು ಸಾಲು, ಬ್ಯಾಂಕಿನ ಸಾಲ ಇಂತಿಷ್ಟು ಮಂಜೂರಾಗದಿದ್ರೆ ಮುಂಗಡ ಪೂರ್ತಿ ವಾಪಸ್ಸು ಅಂತ. ಒಂದೇ ಸಾಲು! ಬಾಂಡ್ ಪೇಪರಿನಲ್ಲಿ ಅದಕ್ಕೆ ಜಾಗ ಇರ್ಲಿಲ್ವಾ? ಮನೆ ಕೊಳ್ಳೋಕೆ ಹೊರಟಿರೋ ಗೆಳೆಯರು ಯಾರಾದ್ರೂ ಇದನ್ನ ಓದ್ತಿದ್ರೆ, ಮಿಕ್ಕಿದ್ದೆಲ್ಲ ಮರೆತರೂ ಈ ಒಂದು ಸಾಲು ಮರೀಬೇಡಿ.

ಸರ್ಕಾರಕ್ಕೂ ಎರಡು ಮಾತು ಹೇಳದೆ ಬಿಡಲ್ಲ. 2023ರ ಅಕ್ಟೋಬರ್ ಒಂದಕ್ಕೆ ಗೈಡೆನ್ಸ್ ವ್ಯಾಲ್ಯೂ ಪರಿಷ್ಕರಣೆ ಆಯ್ತು. ಅದಾದ ಮೇಲೂ ನಮ್ಮ ಬೀದಿಯಲ್ಲಿ 1,900 ಮತ್ತು 3,000 ನಡುವೆ ಇಷ್ಟು ದೊಡ್ಡ ಕಂದಕ. ಕಡಿಮೆ ಬೆಲೆ ತೋರಿಸಿದ್ದಾರೆ ಅನ್ನಿಸಿದ್ರೆ ಪ್ರಶ್ನೆ ಮಾಡೋ ಅಧಿಕಾರ ಸ್ಟ್ಯಾಂಪ್ ಕಾಯ್ದೆಯ 45ಎ ಕಲಮಿನಲ್ಲಿದೆ. ಆದ್ರೆ ಗೈಡೆನ್ಸ್ ವ್ಯಾಲ್ಯೂ ಮುಟ್ಟಿದ್ರೆ ಸಾಕು, ಕೌಂಟರಿನಲ್ಲಿ ಯಾರೂ ತಲೆ ಎತ್ತಿ ನೋಡಲ್ಲ. ಅದರ ಮೇಲೆ 2025ರ ಆಗಸ್ಟ್ 31ರಿಂದ ರಿಜಿಸ್ಟ್ರೇಷನ್ ಫೀಸು ಶೇ. 1ರಿಂದ 2ಕ್ಕೆ ಏರಿಸಿದ್ರು. ನಿಜ ಬರೆಯೋನಿಗೆ ಇನ್ನೊಂದು ಪರ್ಸೆಂಟ್ ದಂಡ ಹಾಕಿದಂಗಾಯ್ತು. ಫೀಸು ಇಳಿಸಿ, ನಿಜವಾದ ಬೆಲೆ ಬರೆಸಿಕೊಳ್ಳಿ, ಆಗ ನಿಮ್ಮ ಖಜಾನೆಯೂ ತುಂಬತ್ತೆ, ವ್ಯಾಲ್ಯುಯರ್‌ಗೆ ಕಾಗದವೂ ಸಿಗತ್ತೆ. ಇದನ್ನ ವಿಧಾನಸೌಧದಲ್ಲಿ ಯಾರಿಗೆ ಹೇಳೋದೋ ಗೊತ್ತಿಲ್ಲ, ನಿಮಗಾದ್ರೂ ಹೇಳಿದೆ.

ಇಷ್ಟು ಬರೆದು ಡ್ರಾಫ್ಟಿನಲ್ಲಿ ಇಟ್ಟಿದ್ದೆ. ಪೋಸ್ಟ್ ಮಾಡೋದೋ ಬೇಡವೋ ಅಂತ ಅನುಮಾನ ಇತ್ತು. ಆಮೇಲೆ ಭಾವ ಫೋನ್ ಮಾಡಿದ್ರು. ಆ ಮನೆ ಮಾರಾಟ ಆಗಿದೆಯಂತೆ, 2025 ಮುಗಿಯೋ ಹೊತ್ತಿಗೆ. ಬೆಂಗಳೂರಿನವರು ಯಾರೋ, ಸಾಲ ಗೀಲ ಏನಿಲ್ಲ, 46 ಲಕ್ಷ. ಅಭ್ಯಾಸ ಬಲ ನೋಡಿ, ನಾನು ಮತ್ತೆ ಹೋಗಿ ಕ್ರಯಪತ್ರದ ನಕಲು ತೆಗೆಸಿದೆ. ಮೊಬಲಗು 34 ಲಕ್ಷ. 12 ಲಕ್ಷಕ್ಕೆ ಈಗಿನ ಲೆಕ್ಕದಲ್ಲಿ ಉಳಿದಿದ್ದು 91 ಸಾವಿರದ ಚಿಲ್ಲರೆ.

ಕೊನೇ ಪುಟ ತಿರುಗಿಸಿದೆ. ಒಂದನೇ ಸಾಕ್ಷಿ ಅವನೇ. ಅದೇ ರುಜು, ಕೆಳಗೆ ಅದೇ ಉದ್ದ ಗೀಟು.